ಎಳೆಯುವ ಪಂಪು, ತಳ್ಳುವ ಪಂಪು

ನನ್ನ ಗಾಡಿಯ ಇಂಜಿನ್ ಆಯಿಲ್ ಹೆಚ್ಚಾಗುತ್ತಿತ್ತು. ಹಳೇ ಇಂಜಿನ್ ಆಯಿಲ್ ಕುಡಿಯುತ್ತದೆ ಅನ್ನುವುದು ಎಲ್ಲ ಡ್ರೈವರಿಗೂ ಗೊತ್ತು, ಕಡಿಮೆಯಾದರೆ ಅರ್ಧ ಲೀಟರ್ ಸುರಿದು ಮುಂದೆ ಹೋಗುತ್ತೇವೆ. ಆದರೆ ಅವತ್ತು ಬೆಳಿಗ್ಗೆ ಪುಣೆಯ ಭೋಸರಿಯಲ್ಲಿ ಲೋಡ್ ಆಗುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿತ್ತು. ವಾರದ ಹಿಂದೆ ಎರಡು ಗೆರೆಗಳ ನಡುವೆ ಇದ್ದದ್ದನ್ನು ನಾನೇ ನೋಡಿದ್ದೆ. ಕೋಲಿನ ತುದಿಯ ಆಯಿಲನ್ನು ಬೆರಳಿಗೆ ಹಚ್ಚಿ ಉಜ್ಜಿದೆ. ನೀರಿನಂತೆ ಜಾರಿತು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

ಗಾಡಿ 1998ರ ಟಾಟಾ 407, ಸಣ್ಣ ಲಾರಿ. ಅಪ್ಪ ಇಂಡಿ ತಾಲೂಕಿನಿಂದ ಪುಣೆಗೆ ಬಂದು, ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿ, ಕಡೆಗೆ ಸಾಲ ಮಾಡಿ ಕೊಂಡ ಮೊದಲ ಸ್ವಂತ ಗಾಡಿ ಇದು. 407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ, ತಯಾರಾಗುತ್ತಿದ್ದದ್ದು ಇಲ್ಲೇ ಪುಣೆಯಲ್ಲಿ. ಆದ್ದರಿಂದ ಇದರ ಬೋಲ್ಟಿನಿಂದ ಹಿಡಿದು ಬಾಡಿಯವರೆಗೆ ಏನು ಬೇಕಾದರೂ ಈ ಊರಿನಲ್ಲಿ ಸಿಗುತ್ತದೆ. ನಮ್ಮದು ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ ಇಂಜಿನ್, ಅದರ ಪಕ್ಕಕ್ಕೆ ಸಿಲಿಂಡರುಗಳಿಗೆ ಡೀಸೆಲ್ ಅಳೆದು ಕೊಡುವ ದೊಡ್ಡ ಪಂಪು, ಮೈಕೋದ ಇನ್‌ಲೈನ್ ಪಂಪು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ.

ನನ್ನ ಕೆಲಸ ಭೋಸರಿಯಿಂದ ಬೆಳಗಾವಿಯ ಉದ್ಯಮಬಾಗಕ್ಕೆ. ಹೋಗುವಾಗ ಇಲ್ಲಿನ ಪ್ರೆಸ್ ಶಾಪುಗಳ ತಗಡಿನ ಸ್ಕ್ರ್ಯಾಪ್, ಅಲ್ಲಿನ ಫೌಂಡ್ರಿಗಳಲ್ಲಿ ಕರಗಿಸುವುದಕ್ಕೆ. ಬರುವಾಗ ಅದೇ ಫೌಂಡ್ರಿಗಳ ಕಾಸ್ಟಿಂಗ್. ಒಂದು ಕಡೆಗೆ ಸುಮಾರು 340 ಕಿಲೋಮೀಟರ್. ದಾರಿ ಒಳ್ಳೆಯದು. ನಡುವೆ ಶಿರವಳ ದಾಟಿದ ಮೇಲೆ ಖಂಬಾಟಕಿ ಘಾಟ್ ಒಂದಿದೆ. ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ ಸುರಂಗವಿದೆ, ಆದರೆ ಪುಣೆಯಿಂದ ಹೋಗುವವರು ಆಗ ಘಾಟ್ ಹತ್ತಲೇಬೇಕಿತ್ತು. ನನಗೆ ಭಾರದ ಲೋಡು ಇರುವುದೂ ಹೋಗುವಾಗಲೇ.

ವರ್ಷದಿಂದ ಗಾಡಿ ಆ ಏರಿನಲ್ಲಿ ಸೋಲುತ್ತಿತ್ತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಎರಡಕ್ಕೆ ಬಂತು, ಎರಡರಲ್ಲೂ ನಡುವೆ ಒಮ್ಮೆ ಉಸಿರು ಕಟ್ಟಿದಂತಾಗಿ, ಮತ್ತೆ ಎಳೆದು, ಮತ್ತೆ ಕಟ್ಟುವುದು. ಬೆಳಿಗ್ಗೆ ಎದ್ದರೆ ಸೆಲ್ಫ್ ಹೊಡೆದರೂ ಚಾಲೂ ಆಗುವುದಿಲ್ಲ. ಕೆಳಗಿಳಿದು, ಪಂಪಿನ ಪಕ್ಕದ, ಕೈಯಿಂದ ಡೀಸೆಲ್ ಒತ್ತಿ ತುಂಬುವ ಹ್ಯಾಂಡ್ ಪ್ರೈಮರಿನ ಗುಂಡಿ ತಿರುವಿ ಮೇಲೆತ್ತಿ, ಮೂವತ್ತು ನಲವತ್ತು ಸಲ ಒತ್ತಿ, ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ನೊರೆ ಹೋಗುವವರೆಗೆ ಕಾಯಬೇಕು. ಚಳಿಗಾಲದಲ್ಲಿ ಈ ಕೆಲಸ ಮಾಡಿ ಮಾಡಿ ನನ್ನ ಬಲಗೈಯ ಹೆಬ್ಬೆರಳ ಬುಡ ಗಟ್ಟಿಯಾಗಿದೆ. ಕಡೆಕಡೆಗೆ ಆ ಗುಂಡಿಯ ಬುಡದಿಂದಲೇ ಡೀಸೆಲ್ ಒಸರತೊಡಗಿತು. ಆದರೂ ಓಡಿಸುತ್ತಿದ್ದೆ. ಆಯಿಲ್ ಹೆಚ್ಚಾದದ್ದನ್ನು ನೋಡಿದ ದಿನ ಮಾತ್ರ ಲೋಡು ಬೇಡವೆಂದು ಫೋನ್ ಮಾಡಿ, ನಿಧಾನಕ್ಕೆ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಗೆ ತಿರುಗಿಸಿದೆ. ಡೀಸೆಲ್ ಬೆರೆತ ಆಯಿಲಿನಲ್ಲಿ ಘಾಟ್ ಹತ್ತಿದರೆ ಬೇರಿಂಗ್ ಉಳಿಯುವುದಿಲ್ಲ. ಕ್ರ್ಯಾಂಕ್ ಹೋದರೆ ಈ ವಯಸ್ಸಿನ ಗಾಡಿಗೆ ಅದೇ ಕೊನೆ.

ಅಲ್ಲಿ ಜಮಖಂಡಿ ಕಡೆಯ ಒಬ್ಬ ಹಿರಿಯರು ಪಂಪಿನ ಕೆಲಸ ಮಾಡುತ್ತಾರೆ. ಕನ್ನಡದ ಡ್ರೈವರುಗಳೆಲ್ಲ ಅವರನ್ನು ಕರೆಯುವುದು ಕಾಕಾ ಎಂದೇ. ಅವರು ಮೊದಲು ಮಾಡಿದ್ದು ಫಿಲ್ಟರಿನ ಹತ್ತಿರ ಮೂರು ಬಾಯಿಯ ಒಂದು ಟೀ ಜಾಯಿಂಟ್ ಕೂಡಿಸಿ ಪ್ರೆಷರ್ ಗೇಜ್ ಹಾಕಿದ್ದು. ಸ್ಲೋ ಸ್ಪೀಡಿನಲ್ಲಿ ಮುಳ್ಳು ಚದರ ಸೆಂಟಿಮೀಟರಿಗೆ 0.6 ಕೆಜಿ ತೋರಿಸಿತು. ಎಕ್ಸಲೇಟರ್ ಒತ್ತಿ ಹಿಡಿಯಲು ಹೇಳಿದರು. ಇಂಜಿನ್ ಜೋರಾದಂತೆ ಮುಳ್ಳು ಇಳಿಯುತ್ತ ಇಳಿಯುತ್ತ 0.2ಕ್ಕೆ ಬಂದು ನಡುಗತೊಡಗಿತು. ಇಂಥ ಪಂಪಿಗೆ ಸುಮಾರು ಒಂದು ಕೆಜಿ ಪ್ರೆಷರ್ ಬೇಕು.

"ನಿನ್ನ ಗಾಡಿ ಡೀಸೆಲ್ ಅಷ್ಟ ಕುಡಿಯಾಕತ್ತಿಲ್ಲ ತಮ್ಮಾ, ಗಾಳೀನೂ ಕುಡಿಯಾಕತ್ತೈತಿ," ಅಂದರು.

ಆಮೇಲೆ ದೊಡ್ಡ ಪಂಪಿಗೆ ಡೀಸೆಲ್ ಎಳೆದು ಕೊಡುವ ಫೀಡ್ ಪಂಪ್ ಬಿಚ್ಚಿದರು. ಮೂರು ನಟ್ಟು, ಎರಡು ಪೈಪು, ಅಷ್ಟೇ. ಕೈಯಲ್ಲಿ ಹಿಡಿದರೆ ಮುಷ್ಟಿಗಿಂತ ತುಸು ದೊಡ್ಡದು. ದೊಡ್ಡ ಪಂಪಿನ ಒಳಗಿನ ಕ್ಯಾಮ್ ಇದರ ರೋಲರನ್ನು ತಳ್ಳುತ್ತದೆ, ರೋಲರು ಒಂದು ಸಣ್ಣ ಸರಳನ್ನು ತಳ್ಳುತ್ತದೆ, ಸರಳು ಪಿಸ್ಟನ್ನನ್ನು ತಳ್ಳುತ್ತದೆ, ಸ್ಪ್ರಿಂಗು ಅದನ್ನು ವಾಪಸು ನೂಕುತ್ತದೆ. ಎರಡು ವಾಲ್ವು, ಒಂದರಿಂದ ಡೀಸೆಲ್ ಒಳಗೆ, ಇನ್ನೊಂದರಿಂದ ಹೊರಗೆ. ಹಿಂದಿನ ಟ್ಯಾಂಕಿನಿಂದ ಡೀಸೆಲನ್ನು ಎಳೆದು ತಂದು ಫಿಲ್ಟರಿಗೆ ಒತ್ತುವುದು ಇಷ್ಟೇ ವಸ್ತು. ಕಾಕಾ ಆ ಸರಳನ್ನು ಹೊರತೆಗೆದು ಬೆರಳಿನಲ್ಲಿ ತಿರುಗಿಸಿ ಬೆಳಕಿಗೆ ಹಿಡಿದರು. ಒಂದು ಪಕ್ಕ ಕನ್ನಡಿಯಂತೆ ಸವೆದಿತ್ತು. ಅದು ಕೂರುವ ತೂತೂ ಉದ್ದುದ್ದಕ್ಕೆ ಸವೆದಿತ್ತು. ಸರಳನ್ನು ಮತ್ತೆ ಕೂರಿಸಿ ಅಲುಗಾಡಿಸಿದರೆ ಟಿಕ್ ಟಿಕ್ ಎಂದಿತು. ಆ ಸಂದಿಯಿಂದ ಡೀಸೆಲ್ ದೊಡ್ಡ ಪಂಪಿನ ಕ್ಯಾಮ್ ಇರುವ ಕೋಣೆಗೆ ಇಳಿದು, ಅಲ್ಲಿಂದ ಟೈಮಿಂಗ್ ಗೇರುಗಳ ಕಡೆಗೆ ಹರಿದು, ಇಂಜಿನ್ನಿನ ಆಯಿಲ್ ಸೇರುತ್ತಿತ್ತು. ನನ್ನ ಮೈಲೇಜ್ ಎಲ್ಲಿ ಹೋಗುತ್ತಿದೆ ಎಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ. ಸ್ವಲ್ಪ ಇಲ್ಲಿಗೆ ಹೋಗುತ್ತಿತ್ತು.

ಕಾಕಾ ಹೇಳಿದ್ದು ಸರಳ. ಕಂಪನಿಯ ಹೊಸ ಫೀಡ್ ಪಂಪ್ ಹಾಕು, ಮನೆಗೆ ಹೋಗು. ನಾನು ಒಪ್ಪಲಿಲ್ಲ. ಎರಡು ವರ್ಷದಲ್ಲಿ ಒಮ್ಮೆ ರಿಪೇರಿ ಕಿಟ್, ಒಮ್ಮೆ ಹೊಸದೆಂದು ನಂಬಿ ಕೊಂಡ ಡೂಪ್ಲಿಕೇಟ್ ಪಂಪು ಹಾಕಿಸಿ ಆಗಿತ್ತು. ನನಗೆ ಹೆಚ್ಚಿನ ಬೇಸರ ಇದ್ದದ್ದು ಹ್ಯಾಂಡ್ ಪ್ರೈಮರಿನ ಮೇಲೆ. ರಾತ್ರಿ ಎರಡು ಗಂಟೆಗೆ ಕರಾಡದ ಹತ್ತಿರ ರಸ್ತೆ ಬದಿಗೆ ನಿಂತು, ಪಕ್ಕದಲ್ಲಿ ಹದಿನಾಲ್ಕು ಚಕ್ರದ ಗಾಡಿಗಳು ಗಾಳಿ ಎಬ್ಬಿಸಿ ಹೋಗುತ್ತಿರುವಾಗ ಕತ್ತಲಲ್ಲಿ ಆ ಗುಂಡಿ ಒತ್ತುತ್ತ ಕೂತವನಿಗೆ ಮಾತ್ರ ಗೊತ್ತು. ಕೀ ತಿರುವಿದರೆ ತಾನೇ ಡೀಸೆಲ್ ತುಂಬುವ ಕರೆಂಟ್ ಪಂಪ್ ಬೇಕು ಅಂತ ಹಟ ಹಿಡಿದೆ.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನೋಡಪಾ, ಹಳೇ ಡೀಸೆಲ್ ಗಾಡಿಗಿ ಕರೆಂಟಿನ ಹಂಗಿಲ್ಲ. ಬ್ಯಾಟರಿ ಸತ್ತರ ನಾಕ ಮಂದಿ ನೂಕಿದರ ಚಾಲೂ ಆಗತೈತಿ, ಮನೀಮಟಾ ಬರತೈತಿ. ನೀ ಇವತ್ತ ಆ ಹಂಗು ಹಚ್ಚಾಕತ್ತೀದಿ. ಹಚ್ಚೋದಾದರ ಸರಿಯಾಗಿ ಹಚ್ಚು."

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ನಾನು ಮಾಡಿದ ವೈರಿಂಗೆಲ್ಲ ಈ ಮಾತಿಗೆ ಉತ್ತರವೇ.

ಮರುದಿನ ನಾನಾ ಪೇಠೆಗೆ ಹೋದೆ. ಪುಣೆಯಲ್ಲಿ ಗಾಡಿ ಸಾಮಾನು ಎಂದರೆ ನಾನಾ ಪೇಠೆ. ಮೊದಲನೇ ಅಂಗಡಿಯವನು ಪೆಟ್ರೋಲ್ ಕಾರಿನ ಟ್ಯಾಂಕಿನೊಳಗೆ ಕೂರುವ ಪಂಪ್ ತೆಗೆದು ಮುಂದಿಟ್ಟು "ಹಾ ಘ್ಯಾ ಭಾವು, ಎಕದಮ್ ಫೋರ್ಸ್" ಅಂದ, ಇದನ್ನು ತಗೊಳ್ಳಿ, ಭಾರೀ ಫೋರ್ಸು ಅಂತ. ಫೋರ್ಸೇ ಅದರ ತೊಂದರೆ. ಅದು ಮೂರು ಕೆಜಿ ಒತ್ತುವ ಪಂಪು. ನಮ್ಮ ಇನ್‌ಲೈನ್ ಪಂಪಿನ ಗ್ಯಾಲರಿಗೆ, ಅಂದರೆ ಒಳಗೆ ಡೀಸೆಲ್ ತುಂಬಿ ನಿಲ್ಲುವ ಜಾಗಕ್ಕೆ, ಅಷ್ಟು ಒತ್ತಡ ಕೊಟ್ಟರೆ ಹಳೇ ವಾಷರು, ಸೀಲು ಒಂದೊಂದಾಗಿ ಬಾಯಿ ಬಿಡುತ್ತವೆ. ಅದೂ ಅಲ್ಲದೆ ಟ್ಯಾಂಕಿನೊಳಗಿನ ಪಂಪನ್ನು ಹೊರಗೆ ಲೈನಿನಲ್ಲಿ ಕೂಡಿಸಲು ಬರುವುದಿಲ್ಲ. ನನಗೆ ಬೇಕಾದದ್ದು ಹನ್ನೆರಡು ವೋಲ್ಟಿನದು, ಡೀಸೆಲ್ಲಿಗೆಂದೇ ಮಾಡಿದ್ದು, ಒಂದು ಕೆಜಿ ಆಸುಪಾಸಿನ ಒತ್ತಡ, ಗಂಟೆಗೆ ನೂರು ಲೀಟರ್. ಗಾಡಿ ಗಂಟೆಗೆ ಸುಡುವುದು ಐದಾರು ಲೀಟರ್ ಇರಬಹುದು, ಮತ್ತೆ ನೂರು ಯಾಕೆ ಎಂದು ಜೊತೆಗೆ ಬಂದಿದ್ದ ನನ್ನ ಅಳಿಯ ಕೇಳಿದ. ಉಳಿದದ್ದೆಲ್ಲ ಪಂಪಿನೊಳಗೆ ಸುತ್ತಿ, ಗಾಳಿಯನ್ನೂ ಬಿಸಿಯನ್ನೂ ಹೊತ್ತುಕೊಂಡು ರಿಟರ್ನ್ ಪೈಪಿನಿಂದ ಟ್ಯಾಂಕಿಗೆ ವಾಪಸು ಬರಬೇಕು. ಆ ಹರಿವು ಇದ್ದರೇ ಗ್ಯಾಲರಿಯಲ್ಲಿ ಪ್ರೆಷರ್ ನಿಲ್ಲುವುದು. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. 4,200 ರೂಪಾಯಿ. ದೊಡ್ಡ ಲಾರಿಯವರು ಇಲ್ಲೊಂದು ಮಾತು ಗಮನಿಸಬೇಕು: 407 ಹನ್ನೆರಡು ವೋಲ್ಟಿನ ಗಾಡಿ, ದೊಡ್ಡ ಲಾರಿಗಳು ಸಾಮಾನ್ಯವಾಗಿ ಇಪ್ಪತ್ತನಾಲ್ಕು. ಪೆಟ್ಟಿಗೆಯ ಮೇಲೆ ಓದದೆ ತರಬೇಡಿ.

ಇನ್ನು ನನ್ನ ತಪ್ಪು. ಫಿಟ್‌ನೆಸ್ ತಾರೀಖು ಹತ್ತಿರ ಬಂದಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಫಿಟ್‌ನೆಸ್ ಪರೀಕ್ಷೆ ಮಾಡಿಸಬೇಕು. ಕಾಕಾ ಊರಿಗೆ ಹೋಗಿದ್ದರು. ನಾನು ಕಾಯದೆ ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಪಂಪ್ ಕೂರಿಸಿದೆ. ವೈರು ಹತ್ತಿರ ಸಿಗುತ್ತದೆಂದು ಅವರು ಅದನ್ನು ಇಂಜಿನ್ನಿನ ಪಕ್ಕದಲ್ಲೇ, ಹಳೇ ಫೀಡ್ ಪಂಪಿನಿಂದ ಒಂದು ಗೇಣು ಮೇಲೆ ಕೂರಿಸಿದರು. ಕೀ ತಿರುವಿದರೆ ಗುಂಯ್ ಅಂದಿತು, ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಚಾಲೂ. ನನಗೆ ಆದ ಸಂತೋಷ ಹೇಳಲು ಬಾರದು. ಅದೇ ರಾತ್ರಿ ಲೋಡ್ ಹಾಕಿಕೊಂಡು ಹೊರಟೆ.

ಖಂಬಾಟಕಿಯ ಎರಡನೇ ತಿರುವಿನಲ್ಲಿ ಇಂಜಿನ್ ಮತ್ತೆ ಉಸಿರು ಕಟ್ಟಿತು. ಈ ಸಲ ಪೂರ್ತಿ ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟು, ಇಂಡಿಕೇಟರ್ ಹಾಕಿ, ಕೆಳಗಿಳಿದು ಕೇಳಿದೆ. ಪಂಪು ತಿರುಗುತ್ತಿತ್ತು, ಆದರೆ ದನಿ ಬದಲಾಗಿತ್ತು. ಮೊದಲಿನ ಗಟ್ಟಿ ಗುಂಯ್ ಅಲ್ಲ, ಖಾಲಿ ಲೋಟವನ್ನು ಸ್ಟ್ರಾನಿಂದ ಹೀರುವಾಗಿನ ಸದ್ದು.

ಕಾಕಾಗೆ ಫೋನ್ ಮಾಡಿದೆ. ಬೈಯಲಿಲ್ಲ. ಪಂಪ್ ಎಲ್ಲಿ ಕೂರಿಸೀದಿ ಅಂತ ಮಾತ್ರ ಕೇಳಿದರು. ಹೇಳಿದೆ. "ಕ್ಯಾನ್ ಹಚ್ಚು," ಅಂದರು.

ಕ್ಯಾನ್ ಹಚ್ಚುವುದು ಹಳೇ ಡ್ರೈವರುಗಳ ವಿದ್ಯೆ. ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿಟ್ಟು, ಟ್ಯಾಂಕಿನ ಪೈಪ್ ಬಿಚ್ಚಿ, ಕ್ಯಾನಿನಿಂದ ನೇರ ಪಂಪಿಗೆ ಹೋಸ್ ಕೊಡುವುದು. ಇಂಜಿನ್ ಸರಿಯಾಗಿ ಓಡಿದರೆ ತೊಂದರೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿದೆ, ಓಡದಿದ್ದರೆ ಮುಂದಿದೆ. ಕಾಕಾ ಇನ್ನೊಂದು ಮಾತು ಹೇಳಿದರು, ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡು ಅಂತ. ಗಂಟೆಗೆ ನೂರು ಲೀಟರ್ ತಳ್ಳುವ ಪಂಪು, ರಿಟರ್ನ್ ಟ್ಯಾಂಕಿಗೆ ಹೋದರೆ ಇಪ್ಪತ್ತು ಲೀಟರಿನ ಕ್ಯಾನ್ ಹತ್ತು ಹದಿನೈದು ನಿಮಿಷಕ್ಕೆ ಬರಿದು. ಬೆಳಗಾಗುವವರೆಗೆ ಅಲ್ಲೇ ಇದ್ದು, ಒಬ್ಬ ಗಾಡಿಯವನ ಕೈಯಲ್ಲಿ ಡೀಸೆಲ್ ತರಿಸಿ, ಕ್ಯಾನನ್ನು ಕ್ಯಾಬಿನ್ನಿನ ಹಿಂದೆ ಹೊರಗಡೆ ಹಗ್ಗದಿಂದ ಬಿಗಿದು ಕಟ್ಟಿದೆ. ಇದು ಅಪಾಯದ ಕೆಲಸ, ಘಾಟಿನಿಂದ ಪಾರಾಗುವುದಕ್ಕೆ ಮಾತ್ರ ಮಾಡಿದೆ. ಆದರೆ ಗಾಡಿ ಹತ್ತಿದ ರೀತಿ ನೋಡಿ ನಾನು ದಂಗಾದೆ. ಅದೇ ಸ್ಕ್ರ್ಯಾಪು, ಅದೇ ಏರು. ಅಪ್ಪ ಓಡಿಸುತ್ತಿದ್ದ ಕಾಲದ ಹಾಗೆ ಮೂರನೇ ಗೇರಿನಲ್ಲಿ, ಒಂದೇ ಸಮನೆ.

ಅಂದರೆ ಗಾಳಿ ಟ್ಯಾಂಕಿನ ದಾರಿಯಲ್ಲಿ ಸೇರುತ್ತಿತ್ತು. ಹಳೇ ಫೀಡ್ ಪಂಪು ಕೆಟ್ಟಿದ್ದದ್ದೂ ನಿಜ, ಆಯಿಲೇ ಸಾಕ್ಷಿ. ಆದರೆ ಘಾಟಿನಲ್ಲಿ ಸೋಲುವುದಕ್ಕೆ ಅದೊಂದೇ ಕಾರಣವಲ್ಲ. ಪಂಪ್ ಕೊಳ್ಳುವ ಮೊದಲೇ ನಾನು ಕ್ಯಾನ್ ಹಚ್ಚಿ ನೋಡಬೇಕಿತ್ತು. ಯಾರೇ ಈ ಕೆಲಸಕ್ಕೆ ಕೈ ಹಾಕುವವರಿದ್ದರೂ ಮೊದಲು ಅದನ್ನು ಮಾಡಿ. ನಿಂತ ಜಾಗದಲ್ಲೇ ಎಕ್ಸಲೇಟರ್ ಒತ್ತಿ ಹಿಡಿದರೂ ವ್ಯತ್ಯಾಸ ಕಾಣುತ್ತದೆ.

ವಾಪಸು ಬಂದು ಕಾಕಾ ಮುಂದೆ ಗಾಡಿ ನಿಲ್ಲಿಸಿದೆ. ಅವರು ಇಂಜಿನ್ನಿನ ಪಕ್ಕದಿಂದ ಪಂಪ್ ಬಿಚ್ಚಿ ಕೈಯಲ್ಲಿ ಹಿಡಿದು ಹೇಳಿದ್ದನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಇಂಥ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಬಡವ. ಇದರ ಜಾಗ ಟ್ಯಾಂಕಿನ ಪಕ್ಕ, ಡೀಸೆಲ್ ಮಟ್ಟಕ್ಕೆ ಸಮ ಅಥವಾ ಅದಕ್ಕಿಂತ ಕೆಳಗೆ. ಮುಂದೆ ಕೂರಿಸಿದರೆ ಉದ್ದದ ಪೈಪೆಲ್ಲ ಎಳೆತಕ್ಕೆ ಸಿಗುತ್ತದೆ, ಎಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹಿಂದೆ ಕೂರಿಸಿ ತಳ್ಳಿದರೆ ಅದೇ ತೂತಿನಿಂದ ಡೀಸೆಲ್ ಹೊರಗೆ ಬರುತ್ತದೆ, ಕಣ್ಣಿಗೆ ಬೀಳುತ್ತದೆ.

ಟ್ಯಾಂಕಿನ ಮುಂದೆ ಚೇಸಿಗೆ ಒಂದು ಪಟ್ಟಿ ಕೂಡಿಸಿದೆವು. ಟ್ಯಾಂಕಿನಿಂದ ಮೊದಲು ಗಾಜಿನ ಬಟ್ಟಲಿನ ಸೆಡಿಮೆಂಟರ್, ನೀರು ಮತ್ತು ಕಸ ಅಲ್ಲೇ ನಿಲ್ಲಲಿ ಎಂದು. ಆಮೇಲೆ ರಬ್ಬರ್ ಬುಷ್ ಹಾಕಿ ಪಂಪು. ಅಲ್ಲಿಂದ ಹಳೇ ಕಬ್ಬಿಣದ ಪೈಪಿನಲ್ಲೇ ಮುಂದಕ್ಕೆ. ಎಲ್ಲ ಹೋಸೂ ಡೀಸೆಲ್ಲಿನದೇ, ತಾಮ್ರದ ವಾಷರೆಲ್ಲ ಹೊಸದು. ಮುಂದೆ ಬಟ್ಟೆ ಫಿಲ್ಟರು, ಪೇಪರ್ ಫಿಲ್ಟರು ಎರಡೂ ಬದಲಿಸಿದೆವು. ಬಟ್ಟೆ ಫಿಲ್ಟರಿನ ತಳದಲ್ಲಿ ಕಾಫಿ ಗಸಿಯಂತೆ ಕಪ್ಪು ಕೆಸರು ಕೂತಿತ್ತು.

ಕೀ ತಿರುವಿದೆ. ಪಂಪ್ ಗುಂಯ್ ಅಂದಿತು. ಕಾಕಾನ ಹುಡುಗ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ಪೈಪಿನ ಗುಂಟ ಬೆಳಕು ಬಿಡುತ್ತ ಹೋದ. ನಾನೂ ಪಕ್ಕದಲ್ಲಿ ಬೆನ್ನ ಮೇಲೆ ಮಲಗಿದೆ. ನಡುವಿನ ಅಡ್ಡಪಟ್ಟಿಯ ಹತ್ತಿರ ಪೈಪನ್ನು ಹಿಡಿದಿದ್ದ ತಗಡಿನ ಕ್ಲಿಪ್ಪಿನ ಕೆಳಗೆ, ವರ್ಷಗಳ ಧೂಳು ಮೆತ್ತಿಕೊಂಡಲ್ಲಿ, ಒಂದು ಕಪ್ಪು ಚುಕ್ಕೆ ಕಂಡಿತು. ನಾವು ನೋಡುತ್ತಿದ್ದಂತೆಯೇ ಆ ಚುಕ್ಕೆ ಅಗಲವಾಯಿತು, ಧೂಳು ನೆನೆದು ಹೊಳೆಯಿತು. ಹೊಳಪು ಕೆಳಗಡೆ ದಪ್ಪಗಾಗಿ ಒಂದು ಹನಿಯಾಗಿ ನಿಂತಿತು. ಹನಿ ತುಂಬಿ, ನಡುಗಿ, ನನ್ನ ಕೆನ್ನೆಯ ಪಕ್ಕ ನೆಲಕ್ಕೆ ಬಿತ್ತು. ಇನ್ನೊಂದು ಹುಟ್ಟಿತು. ಹುಡುಗ "ಸಿಕ್ಕಿತ್ರೀ ಕಾಕಾ!" ಅಂತ ಕೂಗಿದ.

ಕ್ಲಿಪ್ಪಿನೊಳಗಿನ ರಬ್ಬರ್ ಎಂದೋ ಪುಡಿಯಾಗಿ ಹೋಗಿ, ತಗಡು ಪೈಪನ್ನು ಉಜ್ಜಿ ಉಜ್ಜಿ, ತುಕ್ಕು ಹಿಡಿದು ಗುಂಡುಸೂಜಿಯ ಮೊನೆಯಷ್ಟು ತೂತಾಗಿತ್ತು. ಅಷ್ಟು ದಿನ ಗಾಡಿ ಅದರಿಂದ ಗಾಳಿ ಎಳೆಯುತ್ತಿತ್ತು. ರಾತ್ರಿ ನಿಂತಾಗ ಅದೇ ತೂತಿನಿಂದ ಗಾಳಿ ನುಗ್ಗಿ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತಿತ್ತು. ನನ್ನ ಬೆಳಗಿನ ನಲವತ್ತು ಒತ್ತು ಅದಕ್ಕೆ. ಆ ಪೈಪನ್ನು ಪೂರ್ತಿ ತೆಗೆದು ಹೊಸದು ಹಾಕಿಸಿದೆ. ತೂತಿದ್ದ ಆ ಒಂದು ಗೇಣು ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಹಳೇ ಫೀಡ್ ಪಂಪ್ ಇದ್ದ ಜಾಗದ ಕತೆ ಬೇರೆ. ಆ ಪಂಪ್ ತೆಗೆದರೆ ದೊಡ್ಡ ಪಂಪಿನ ಹೊಟ್ಟೆಗೆ ಬಾಯಿ ತೆರೆದಂತೆ, ಕ್ಯಾಮಿನ ಆಯಿಲ್ ಅಲ್ಲಿಂದ ಎರಚುತ್ತದೆ. ಮೊದಲಿನ ಗ್ಯಾರೇಜಿನವರು ಹಳೇ ಪಂಪನ್ನು ಅಲ್ಲೇ ಬಿಟ್ಟು ಪೈಪ್ ಮಾತ್ರ ಬಿಚ್ಚಿದ್ದರು. ಡೀಸೆಲ್ ಇಲ್ಲದೆ ಒಣಗಿದ ಪಿಸ್ಟನ್ ಒಳಗೆ ಬಡಿದುಕೊಳ್ಳುತ್ತಿತ್ತು. ಪಂಪು ಗಟ್ಟಿಯಿದ್ದರೆ ಹೊಸ ಪಂಪಿನ ಡೀಸೆಲನ್ನು ಅದರೊಳಗಿಂದಲೇ ಹಾಯಿಸಬಹುದು, ಎರಡೂ ವಾಲ್ವು ಹೋಗುವ ದಿಕ್ಕಿಗೇ ತೆರೆಯುತ್ತವೆ. ಕರೆಂಟ್ ಪಂಪ್ ನಿಂತರೂ ಹಳೆಯದು ಎಳೆದುಕೊಳ್ಳುತ್ತದೆ. ನಿಜಕ್ಕೂ ಅದೇ ಒಳ್ಳೆಯ ದಾರಿ. ಆದರೆ ನನ್ನದು ಸೋರುವ ಪಂಪು. ಹಿಂದಿನಿಂದ ಒತ್ತಡ ಕೊಟ್ಟು ಅದರೊಳಗೆ ಹಾಯಿಸಿದರೆ ಆಯಿಲಿಗೆ ಇನ್ನಷ್ಟು ಡೀಸೆಲ್. ಆದ್ದರಿಂದ ಲೇತಿನವನ ಹತ್ತಿರ ಅದೇ ಅಳತೆಯ, ಮೂರು ತೂತಿನ ಕಬ್ಬಿಣದ ಪ್ಲೇಟ್ ಮಾಡಿಸಿ, ಗ್ಯಾಸ್ಕೆಟ್ ಕಾಗದ ಕತ್ತರಿಸಿ ಇಟ್ಟು ಮುಚ್ಚಿದೆವು. ಇಂಜಿನ್ ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿದೆವು.

ವೈರಿಂಗಿಗೆ ಒಂದು ದಿನ ಪೂರ್ತಿ ಹೋಯಿತು. ಇದರಲ್ಲಿ ಅವಸರ ಮಾಡಬೇಡಿ. ಬ್ಯಾಟರಿಯಿಂದ ಫ್ಯೂಸ್ ಹಾಕಿ ಎರಡೂವರೆ ಎಂಎಂ ವೈರು ನೇರ ಹಿಂದಕ್ಕೆ, ನಡುವೆ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬಿಡುವ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚು. ಮೊದಲು ಅರ್ಥನ್ನು, ಅಂದರೆ ಮೈನಸ್ ವೈರನ್ನು, ಚೇಸಿಗೇ ಕೊಟ್ಟಿದ್ದೆವು. ಬ್ಯಾಟರಿಯಲ್ಲಿ 12.6 ವೋಲ್ಟ್, ಪಂಪಿನ ಹತ್ತಿರ ಅಳೆದರೆ 11.1. ತುಕ್ಕು ಹಿಡಿದ ಹಳೇ ಚೇಸಿ ಒಂದೂವರೆ ವೋಲ್ಟ್ ನುಂಗುತ್ತಿತ್ತು. ಅರ್ಥಿಗೂ ಬೇರೆ ವೈರನ್ನು ಬ್ಯಾಟರಿಯ ಮೈನಸ್ಸಿನವರೆಗೆ ಎಳೆದ ಮೇಲೆ 12.4 ಬಂತು. ಪಂಪಿನ ದನಿಯಲ್ಲೇ ವ್ಯತ್ಯಾಸ ಗೊತ್ತಾಯಿತು.

ನನ್ನ ಗಾಡಿಯಲ್ಲಿ ಇಂಜಿನ್ ನಿಲ್ಲಿಸುವುದು ಕೀಯಿಂದಲ್ಲ, ಎಳೆಯುವ ಕೇಬಲಿನಿಂದ. ಕೇಬಲ್ ಎಳೆದು ಇಂಜಿನ್ ನಿಲ್ಲಿಸಿ, ಕೀ ಹಾಗೇ ಬಿಟ್ಟು ಚಹಾಕ್ಕೆ ಇಳಿಯುವುದು ಇಪ್ಪತ್ತು ವರ್ಷದ ಅಭ್ಯಾಸ. ಮೊದಲ ಸಲ ಪಂಪ್ ಹಾಕಿಸಿದಾಗ, ಅದೇ ಟ್ರಿಪ್ಪಿನಲ್ಲಿ ಕರಾಡದ ಧಾಬಾದಲ್ಲಿ ಹೀಗೇ ಊಟ ಮಾಡಿ ಮಲಗಿ ಎದ್ದು ಬಂದರೆ ಬ್ಯಾಟರಿ ಸತ್ತಿತ್ತು, ಪಂಪು ಅಷ್ಟು ಹೊತ್ತೂ ತಿರುಗಿತ್ತು. ಇದಕ್ಕಿಂತ ದೊಡ್ಡ ಭಯ ಇನ್ನೊಂದು. ಅಪಘಾತವಾಗಿ ಪೈಪ್ ಕಿತ್ತು ಇಂಜಿನ್ ನಿಂತರೂ, ಕೀ ಆನ್ ಇದ್ದರೆ ಪಂಪು ಬಿಸಿ ಇಂಜಿನ್ನಿನ ಮೇಲೆ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಹಳೇ ಫೀಡ್ ಪಂಪ್ ಇಂಜಿನ್ ಜೊತೆಗೇ ನಿಲ್ಲುತ್ತಿತ್ತು.

ಹಾಗಾಗಿ ಪಂಪನ್ನು ಆಯಿಲ್ ಪ್ರೆಷರಿಗೆ ಕಟ್ಟಿದೆವು. ಆಯಿಲ್ ಬಲ್ಬಿನ ಸ್ವಿಚ್ಚು ಪ್ರೆಷರ್ ಇಲ್ಲದಾಗ ಅರ್ಥ್ ಕೊಡುತ್ತದೆ, ಬಲ್ಬು ಉರಿಯುತ್ತದೆ. ಐದು ಪಿನ್ನಿನ ಇನ್ನೊಂದು ರಿಲೇಯ ಕಾಯಿಲನ್ನು ಆ ಬಲ್ಬಿನ ಜೊತೆಗೆ ಹಾಕಿ, ಪಂಪಿಗೆ ಹೋಗುವ ಕರೆಂಟನ್ನು, ಕಾಯಿಲಿಗೆ ಕರೆಂಟ್ ಇಲ್ಲದಾಗ ಮಾತ್ರ ಕೂಡಿಕೊಂಡಿರುವ 87ಎ ಪಿನ್ನಿನಿಂದ ತೆಗೆದೆವು. ಬಲ್ಬು ಉರಿಯುತ್ತಿರುವವರೆಗೆ ಪಂಪ್ ಬಂದ್, ಬಲ್ಬು ಆರಿದರೆ ಪಂಪ್ ಚಾಲೂ. ಚಾಲೂ ಮಾಡುವಾಗ ಪ್ರೆಷರ್ ಇರುವುದಿಲ್ಲವಲ್ಲ, ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒತ್ತಿ ಹಿಡಿಯುವ ಒಂದು ಗುಂಡಿ. ಹತ್ತು ಸೆಕೆಂಡ್ ಒತ್ತಿ, ಒತ್ತಿಕೊಂಡೇ ಸೆಲ್ಫ್ ಹೊಡೆದು, ಆಯಿಲ್ ಬಲ್ಬು ಆರಿದ ಮೇಲೆ ಕೈ ಬಿಟ್ಟರೆ ಆಯಿತು. ಇಂಜಿನ್ ಯಾವ ಕಾರಣಕ್ಕೆ ನಿಂತರೂ ಪಂಪು ಅದರ ಹಿಂದೆಯೇ ನಿಲ್ಲುತ್ತದೆ. ಈ ವೈರಿಂಗ್ ಇಲ್ಲದೆ ಯಾರೂ ಕರೆಂಟ್ ಪಂಪ್ ಹಾಕಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಡೆಗೆ ಏರ್ ತೆಗೆಯುವ ಕೆಲಸ. ನಾನು ಗುಂಡಿ ಒತ್ತಿ ಹಿಡಿದೆ, ಕಾಕಾ ಫಿಲ್ಟರಿನ ಸ್ಕ್ರೂ ಒಂದು ಸುತ್ತು ಸಡಿಲಿಸಿದರು. ಮೊದಲು ಬರೀ ಉಸಿರು, ಆಮೇಲೆ ಸೋಪಿನಂಥ ಬಿಳೀ ನೊರೆ, ಆಮೇಲೆ ದೊಡ್ಡ ದೊಡ್ಡ ಗುಳ್ಳೆ. ಎಣಿಸಿ ಇಪ್ಪತ್ತು ಮುಟ್ಟುವುದರೊಳಗೆ ಗುಳ್ಳೆಯಿಲ್ಲದ ಡೀಸೆಲ್. ಸ್ಕ್ರೂ ಬಿಗಿದರು. ದೊಡ್ಡ ಪಂಪಿನ ಸ್ಕ್ರೂ ಹತ್ತಿರವೂ ಹಾಗೆಯೇ. ಗೇಜಿನ ಮುಳ್ಳು ಒಂದು ಕೆಜಿಗೆ ಹೋಗಿ ನಿಂತಿತು. ಎಕ್ಸಲೇಟರ್ ಪೂರ್ತಿ ಒತ್ತಿದರೂ 0.9ಕ್ಕಿಂತ ಇಳಿಯಲಿಲ್ಲ, ನಡುಗಲೂ ಇಲ್ಲ. ಕಾಕಾ ಗೇಜನ್ನೇ ನೋಡುತ್ತ ನಿಂತಿದ್ದರು. "ಈಗ ಆತು ನೋಡು," ಅಂದರು.

ಪವರ್ ಹೆಚ್ಚಾಯಿತಾ ಎಂದು ಎಲ್ಲರೂ ಕೇಳುತ್ತಾರೆ. ಹೆಚ್ಚಾಗುವುದಿಲ್ಲ. ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗಬೇಕು ಅನ್ನುವುದು ದೊಡ್ಡ ಪಂಪಿನ ಒಳಗಿನ ರ‍್ಯಾಕಿನ ಮತ್ತು ಗವರ್ನರಿನ ಕೈಯಲ್ಲಿದೆ. ಹಿಂದಿನಿಂದ ಎಷ್ಟು ತಳ್ಳಿದರೂ ಅದು ಅಳೆದದ್ದೇ ಹೋಗುವುದು. ಕಳೆದುಹೋದದ್ದು ವಾಪಸು ಬಂತು, ಅಷ್ಟೇ. ಹೊಗೆಯೂ ಹೆಚ್ಚಾಗಿಲ್ಲ. ಇಂಥ ಹಳೇ ಡೀಸೆಲ್ ಗಾಡಿಗೆ ಪಿಯುಸಿಯ ಹೊಗೆ ಪರೀಕ್ಷೆಯಲ್ಲಿ 65 ಎಚ್‌ಎಸ್‌ಯು ಮಿತಿ, ಅದರೊಳಗೇ ಬಂತು. ಫಿಟ್‌ನೆಸ್ ಆಯಿತು. ಮೈಲೇಜ್ ಎಂಟರಿಂದ ಒಂಬತ್ತರ ಹತ್ತಿರ ಬಂದಿದೆ, ಅದರಲ್ಲಿ ಆಯಿಲಿಗೆ ಇಳಿಯುತ್ತಿದ್ದ ಡೀಸೆಲ್ ಎಷ್ಟು, ಹೊಸ ಫಿಲ್ಟರಿನದೆಷ್ಟು ಎಂದು ಬಿಡಿಸಿ ಹೇಳಲಾರೆ. ಖರ್ಚು ಎಲ್ಲ ಸೇರಿ ಹನ್ನೊಂದು ಸಾವಿರ ದಾಟಿತು. ಕಾಕಾ ಮೊದಲು ಹೇಳಿದಂತೆ ಕಂಪನಿಯ ಫೀಡ್ ಪಂಪು ಮತ್ತು ಒಂದು ಪೈಪು ಬದಲಿಸಿದ್ದರೆ ಇದರ ಅರ್ಧದಲ್ಲಿ ಆಗುತ್ತಿತ್ತು, ಅದನ್ನೂ ಹೇಳಬೇಕು. ಆದರೆ ಆ ಪೈಪಿನ ತೂತು ನಮಗೆ ಸಿಗುತ್ತಿರಲಿಲ್ಲ.

ಕಾಕಾನ ಆ ಕರೆಂಟಿನ ಹಂಗಿನ ಮಾತಿಗೆ ಒಂದು ಏರ್ಪಾಡು ಇನ್ನೂ ಬಾಕಿ ಇತ್ತು. ಕಳೆದ ತಿಂಗಳು ಒಂದು ಹೊಸ ಒರಿಜಿನಲ್ ಫೀಡ್ ಪಂಪ್ ಕೊಂಡು ತಂದೆ. ಬಟ್ಟೆಯಲ್ಲಿ ಸುತ್ತಿ, ಗ್ಯಾಸ್ಕೆಟ್, ನಾಲ್ಕು ತಾಮ್ರದ ವಾಷರು, ಹದಿಮೂರರ ಪಾನಾ ಜೊತೆಗೆ ಸೀಟಿನ ಕೆಳಗಿನ ಡಬ್ಬಿಯಲ್ಲಿಟ್ಟೆ. ಇಂಡಿಯಿಂದ ಬಂದಿದ್ದ ಅಪ್ಪ ಅದನ್ನು ಬಿಚ್ಚಿ ನೋಡಿ, ರೋಲರನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ, ಸ್ಪ್ರಿಂಗ್ ಅದನ್ನು ಹೊರಕ್ಕೆ ನೂಕುವುದನ್ನು ನೋಡಿ, ಮತ್ತೆ ಒತ್ತಿ ನೋಡಿ, ಸುತ್ತಿಟ್ಟರು. ಆಮೇಲೆ ಕ್ಯಾಬಿನ್ ಹತ್ತಿ ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿ ಹಿಡಿದು, ಹಿಂದುಗಡೆ ಟ್ಯಾಂಕಿನ ಪಕ್ಕದಿಂದ ಬರುವ ಗುಂಯ್ ದನಿಗೆ ಕಿವಿಗೊಟ್ಟು ಕೂತರು. ಹತ್ತು ಎಣಿಸಿ ಸೆಲ್ಫ್ ಹೊಡೆದರು.

ನಾನು ಕೆಳಗೆ ನಿಂತು, ಅದಕ್ಕೆ ಮುಂಚೆ ಎಳೆದಿಟ್ಟುಕೊಂಡಿದ್ದ ಡಿಪ್‌ಸ್ಟಿಕ್ ಒರೆಸುತ್ತಿದ್ದೆ. ಆಯಿಲ್ ಎರಡು ಗೆರೆಗಳ ನಡುವೆ, ಹೋದ ತಿಂಗಳು ಇದ್ದಲ್ಲಿಗಿಂತ ಒಂದು ಕೂದಲೆಳೆ ಕೆಳಗಿತ್ತು.